ಸಂಶೋಧನ ಮಾರ್ಗದರ್ಶನ ಮತ್ತು ತಂತ್ರಾಂಶ-ಪ್ರತಿನಿಧಿಗಳು: ಒಂದು ವಿಮರ್ಶೆ

ಸಂಶೋಧನ ವಿದ್ಯಾರ್ಥಿಗಳ ಮೇಲ್ವಿಚಾರಣೆಯನ್ನು ಗಣಕಯಂತ್ರದ ತಂತ್ರಾಂಶಗಳಿಗೆ ಒಪ್ಪಿಸಬಹುದೆಂಬ ವಿಚಾರವು ಈಚಿನ ವರ್ಷಗಳಲ್ಲಿ ಪ್ರಬಲವಾಗುತ್ತಿದೆ. ಇಲ್ಲಿ ಉದ್ದಿಷ್ಟವಾದ ತಂತ್ರಾಂಶವು ಕೇವಲ ಲೆಕ್ಕವಿಡುವ ಅಥವಾ ಕಾಗದಪತ್ರಗಳನ್ನು ಜೋಡಿಸಿಡುವ ಸಾಧನವಲ್ಲ. ಒಪ್ಪಿಸಿದ ಉದ್ದೇಶವನ್ನು ಗ್ರಹಿಸಿ, ಅದಕ್ಕೆ ಬೇಕಾದ ಹೆಜ್ಜೆಗಳನ್ನು ತಾನೇ ನಿಶ್ಚಯಿಸಿ, ಇತರ ತಂತ್ರಾಂಶಗಳೊಡನೆಯೂ ಮನುಷ್ಯರೊಡನೆಯೂ ವ್ಯವಹರಿಸಿ ಕಾರ್ಯವನ್ನು ಪೂರೈಸುವಂಥದು. ಇಂಗ್ಲಿಷಿನಲ್ಲಿ ಇದಕ್ಕೆ 'ಏಜೆಂಟ್' ಎಂಬ ಹೆಸರು ರೂಢವಾಗಿದೆ. ಪ್ರಕೃತ ಲೇಖನದಲ್ಲಿ 'ತಂತ್ರಾಂಶ-ಪ್ರತಿನಿಧಿ' ಎಂದೂ ಸಂಕ್ಷೇಪವಾಗಿ 'ಪ್ರತಿನಿಧಿ' ಎಂದೂ ವ್ಯವಹರಿಸಲಾಗಿದೆ. ಹಸ್ತಪ್ರತಿಗಳ ಅಧ್ಯಯನದಲ್ಲಿ ತೊಡಗಿದ ವಿದ್ವಾಂಸರಿಗೆ ಈ ವಿಷಯವು ದೂರದ್ದೆಂದು ತೋರಬಹುದು. ಆದರೆ ೨೦೨೫ರ ಕೇಂದ್ರ ಆಯವ್ಯಯದಲ್ಲಿ ಘೋಷಿತವಾದ 'ಜ್ಞಾನ ಭಾರತಂ' ಯೋಜನೆಯು ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ, ಸಂರಕ್ಷಣೆಗಳನ್ನು ಉದ್ದೇಶಿಸಿದೆ. ಓಲೆಗರಿಗಳ ಛಾಯಾಪ್ರತಿಗಳು ರಾಶಿಯಾಗಿ ಸೇರಿದ ಮೇಲೆ ಅವುಗಳನ್ನು ಓದಬಲ್ಲವರನ್ನು ಸಿದ್ಧಪಡಿಸುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಆದ್ದರಿಂದ ಈ ವಿಚಾರವನ್ನು ಹಸ್ತಪ್ರತಿಶಾಸ್ತ್ರದ ದೃಷ್ಟಿಯಿಂದಲೇ ಪರಿಶೀಲಿಸುವುದು ಅವಶ್ಯಕವಾಗಿದೆ.

ಮೊದಲು ಈ ಪ್ರತಿನಿಧಿಗಳ ಪೂರ್ವೇತಿಹಾಸವನ್ನು ಸಂಗ್ರಹವಾಗಿ ನೋಡಬಹುದು. ಕಾರ್ಯವೊಂದನ್ನು ಅನೇಕ ಯಂತ್ರಘಟಕಗಳಲ್ಲಿ ಹಂಚುವುದಕ್ಕಾಗಿ ರೀಡ್ ಸ್ಮಿತ್ ಎಂಬ ವಿದ್ವಾಂಸನು ೧೯೮೦ರಲ್ಲಿ ಒಂದು ಕ್ರಮವನ್ನು ರೂಪಿಸಿದನು. ಒಂದು ಘಟಕವು ಕಾರ್ಯವನ್ನು ಘೋಷಿಸುತ್ತದೆ. ಉಳಿದವು ತಮ್ಮ ಸಾಮರ್ಥ್ಯವನ್ನೂ ಬಿಡುವನ್ನೂ ತಿಳಿಸಿ ಬೇಡಿಕೆ ಸಲ್ಲಿಸುತ್ತವೆ. ಯೋಗ್ಯವಾದುದಕ್ಕೆ ಕಾರ್ಯವು ಒಪ್ಪಿತವಾಗುತ್ತದೆ. ೧೯೯೪ರಲ್ಲಿ ಪ್ಯಾಟಿ ಮೇಸ್ ಎಂಬ ವಿದುಷಿಯು, ಮನುಷ್ಯನ ಕೆಲಸದ ಹೊರೆಯನ್ನೂ ಮಾಹಿತಿಯ ಅತಿಭಾರವನ್ನೂ ಇಳಿಸುವ ಸಹಾಯಕಗಳೆಂದು ಇವುಗಳನ್ನು ನಿರೂಪಿಸಿದಳು. ೧೯೯೫ರಲ್ಲಿ ವುಲ್ಡ್ರಿಜ್ ಮತ್ತು ಜೆನ್ನಿಂಗ್ಸ್ ಎಂಬಿಬ್ಬರು ಪ್ರತಿನಿಧಿಗೆ ನಾಲ್ಕು ಲಕ್ಷಣಗಳನ್ನು ಹೇಳಿದರು: ಸ್ವಾಯತ್ತತೆ, ಪರಸ್ಪರ ವ್ಯವಹಾರಸಾಮರ್ಥ್ಯ, ಪರಿಸ್ಥಿತಿಗೆ ಪ್ರತಿಸ್ಪಂದನ, ಸ್ವಯಂಪ್ರವೃತ್ತಿ. ಆ ಕಾಲದ ಪ್ರತಿನಿಧಿಗಳು ಬರೆದಿಟ್ಟ ನಿಯಮಗಳಂತೆ ನಡೆಯತಕ್ಕವುಗಳಾಗಿದ್ದುವು. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಪ್ರಕಟವಾದ ಬಳಿಕ ವಿಪುಲ ಗ್ರಂಥರಾಶಿಯಿಂದ ಅಭ್ಯಸ್ತವಾದ ಭಾಷಾಮಾದರಿಗಳು ಸರ್ವರಿಗೂ ಸುಲಭವಾದುವು. ಅವುಗಳನ್ನೇ ಒಳಗಿರಿಸಿಕೊಂಡ ಪ್ರತಿನಿಧಿಗಳು ಈಗ ಅಧ್ಯಾಯಗಳನ್ನು ಓದಿ ಅಭಿಪ್ರಾಯ ಹೇಳುವಷ್ಟು ಮುಂದುವರಿದಿವೆ. ಲಕ್ಷಣಗಳು ಮಾತ್ರ ೧೯೯೫ರವೇ ಆಗಿ ಉಳಿದಿರುವುದರಿಂದ ವಿಮರ್ಶೆಗೆ ಅವುಗಳನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ಯುಕ್ತ.

ಇಂತಹ ವ್ಯವಸ್ಥೆಯ ಬಯಕೆ ಹುಟ್ಟಿದುದು ನಿಷ್ಕಾರಣವಾಗಿ ಅಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೨೨ರ ನಿಯಮಾವಳಿಯಂತೆ ಪ್ರಾಧ್ಯಾಪಕರು ಏಕಕಾಲದಲ್ಲಿ ೮, ಸಹಪ್ರಾಧ್ಯಾಪಕರು ೬, ಸಹಾಯಕ ಪ್ರಾಧ್ಯಾಪಕರು ೪ ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಾಗಬಹುದು. ಪ್ರತಿಯೊಬ್ಬ ವಿದ್ಯಾರ್ಥಿಯೂ ಪ್ರತಿ ಷಣ್ಮಾಸಕ್ಕೊಮ್ಮೆ ಸಂಶೋಧನ ಸಲಹಾ ಸಮಿತಿಯ ಮುಂದೆ ತನ್ನ ಕೆಲಸವನ್ನು ನಿವೇದಿಸಬೇಕು. ಪದವಿಗೆ ಸಾಮಾನ್ಯವಾಗಿ ೩ ವರ್ಷಗಳಿಂದ ೬ ವರ್ಷಗಳ ಅವಧಿ ಉಂಟು. ೨೦೧೮ರ ನಿಯಮಾವಳಿಯಂತೆ ಕೃತಿಚೌರ್ಯದ ಪರೀಕ್ಷೆಯೂ ನಡೆಯಬೇಕು. ಇತರ ಬರಹಗಳೊಡನೆ ನೂರಕ್ಕೆ ಹತ್ತರವರೆಗಿನ ಸಾಮ್ಯವು ಮಾತ್ರ ದಂಡಕ್ಕೆ ಹೊರತಾದುದು. ಎಂಟು ಮಂದಿಯ ಅಧ್ಯಾಯಗಳು, ವರದಿಗಳು, ದಿನಾಂಕಗಳು, ಪರೀಕ್ಷಾಪತ್ರಗಳು ಇವುಗಳ ನಡುವೆ ಪಾಠ ಹೇಳುವ ಅಧ್ಯಾಪಕನು ದಣಿಯುವುದು ಸಹಜ. ಒಪ್ಪಿಸಿದ ಅಧ್ಯಾಯವು ಆರು ತಿಂಗಳು ಮೇಜಿನ ಮೇಲೆಯೇ ಉಳಿದುದನ್ನು ಅನುಭವಿಸದ ವಿದ್ಯಾರ್ಥಿಗಳು ವಿರಳ. ಪ್ರತಿನಿಧಿಯಾದರೋ ದಣಿಯುವುದಿಲ್ಲ, ನಡುರಾತ್ರಿಯಲ್ಲಿ ಕೇಳಿದರೂ ಉತ್ತರ ಕೊಡುತ್ತದೆ. ಗ್ರಂಥಭಂಡಾರದಿಂದ ದೂರದ ಊರಿನಲ್ಲಿದ್ದು ಅಭ್ಯಾಸ ಮಾಡುವವನಿಗೆ ಇದು ಸಣ್ಣ ಉಪಕಾರವಲ್ಲ. ಈ ಮಾತನ್ನು ಮೊದಲು ಒಪ್ಪಿಕೊಳ್ಳದೆ ಮಾಡುವ ಟೀಕೆಯು ನ್ಯಾಯವಾಗದು.

ನಾಲ್ಕು ಲಕ್ಷಣಗಳಲ್ಲಿ ಪ್ರತಿಸ್ಪಂದನವೆಂಬುದರಲ್ಲಿ ವಿವಾದವಿಲ್ಲ. ದಿನಾಂಕ ಮೀರಿದರೆ ನೆನಪಿಸುವುದು, ಸಮಿತಿಯ ಸಭೆಗೆ ಸರ್ವರಿಗೂ ಅನುಕೂಲವಾದ ವೇಳೆಯನ್ನು ಹುಡುಕುವುದು, ಸಲಹೆಗಳಲ್ಲಿ ಯಾವುದು ನೆರವೇರಿತು ಯಾವುದು ಉಳಿಯಿತು ಎಂದು ಪಟ್ಟಿ ಇಡುವುದು ಇವೆಲ್ಲ ಪ್ರತಿನಿಧಿಗೆ ಸಲ್ಲತಕ್ಕ ಕಾರ್ಯಗಳು. ಇವುಗಳನ್ನು ಮಾರ್ಗದರ್ಶಕನೇ ಮಾಡಬೇಕೆಂಬ ಹಟದಲ್ಲಿ ಗುಣವೇನೂ ಇಲ್ಲ. ವಿದ್ಯಾರ್ಥಿಗೆ ತಕ್ಕ ಮಾರ್ಗದರ್ಶಕನನ್ನು ನಿಶ್ಚಯಿಸುವುದರಲ್ಲಿ ಸ್ಮಿತ್ತನ ಕ್ರಮವನ್ನು ಅನುಸರಿಸಬಹುದಾದರೂ ಎಚ್ಚರ ಬೇಕು. ಪ್ರತಿನಿಧಿಗಳು ವಿಷಯಸೂಚಕ ಶಬ್ದಗಳನ್ನು ಹೋಲಿಸಿ ನಿರ್ಣಯಿಸುತ್ತವೆಯಾದರೆ, 'ಜೈನ ಸಾಹಿತ್ಯ' ಎಂಬೊಂದು ಶಬ್ದವು ಅಚ್ಚಾದ ಪುರಾಣಗಳ ಕಥಾವಸ್ತುವನ್ನು ವಿವೇಚಿಸುವವನಿಗೂ, ಅಚ್ಚಾಗದ ಓಲೆಯನ್ನು ಪ್ರತಿಮಾಡುವವನಿಗೂ ಸಮಾನವಾಗಿ ಸಲ್ಲುತ್ತದೆ. ಓಲೆ ಓದಲು ಬಂದ ವಿದ್ಯಾರ್ಥಿಯು ಓಲೆಯನ್ನೇ ಮುಟ್ಟದ ಮಾರ್ಗದರ್ಶಕನ ಬಳಿ ಸೇರಿದರೆ ಮೂರು ವರ್ಷಗಳು ವ್ಯರ್ಥವಾಗುತ್ತವೆ. ಹಂಚಿಕೆಯ ಪಟ್ಟಿಯನ್ನು ಪ್ರತಿನಿಧಿಯು ಸಿದ್ಧಪಡಿಸಲಿ, ನಿರ್ಣಯವು ವಿಷಯಜ್ಞರದಾಗಿರಲಿ.

ಪರಸ್ಪರ ವ್ಯವಹಾರಸಾಮರ್ಥ್ಯವೆಂಬ ಲಕ್ಷಣದಲ್ಲಿ ಮುಖ್ಯವಾದ ಆಕ್ಷೇಪವು ಉಂಟಾಗುತ್ತದೆ. ಈಗಿನ ಯೋಜನೆಗಳಲ್ಲಿ ಒಂದು ಪ್ರತಿನಿಧಿಯು ವಿದ್ಯಾರ್ಥಿಯ ಕರಡನ್ನು ತಿದ್ದುತ್ತದೆ, ಎರಡನೆಯದು ಪರೀಕ್ಷಕನಂತೆ ದೋಷಗಳನ್ನು ಹುಡುಕುತ್ತದೆ, ಮೂರನೆಯದು ಇಬ್ಬರ ವರದಿಯನ್ನೂ ತೂಗಿ ಮಾರ್ಗದರ್ಶಕನಿಗೆ ಸಾರಾಂಶವನ್ನು ಒಪ್ಪಿಸುತ್ತದೆ. ಮೂರೂ ಒಪ್ಪಿದುವೆಂದರೆ ಮೂವರು ವಿದ್ವಾಂಸರು ಒಪ್ಪಿದಷ್ಟು ಭರವಸೆ ಹುಟ್ಟುತ್ತದೆ. ಆದರೆ ಈ ಮೂರರ ಒಳಗೂ ಇರುವುದು ಅನೇಕವೇಳೆ ಒಂದೇ ಭಾಷಾಮಾದರಿ. ಗ್ರಂಥಸಂಪಾದನೆಯಲ್ಲಿ ಒಂದೇ ಮಾತೃಕೆಯಿಂದ ಇಳಿದ ಹತ್ತು ಪ್ರತಿಗಳನ್ನು ಹತ್ತು ಸಾಕ್ಷಿಗಳೆಂದು ಯಾರೂ ಎಣಿಸುವುದಿಲ್ಲ. ಅವು ಹತ್ತೂ ಸೇರಿ ಒಂದೇ ಸಾಕ್ಷಿ. ಮಾತೃಕೆಯಲ್ಲಿ ಬಿಟ್ಟುಹೋದ ಅಕ್ಷರವು ಹತ್ತರಲ್ಲೂ ಬಿಟ್ಟುಹೋಗಿರುತ್ತದೆ. ಅವುಗಳ ಐಕಮತ್ಯವು ಪಾಠದ ಶುದ್ಧಿಗೆ ಪ್ರಮಾಣವಲ್ಲ, ವಂಶದ ಏಕತೆಗೆ ಪ್ರಮಾಣ. ಒಂದೇ ಮಾದರಿಯ ಪ್ರತಿನಿಧಿಗಳ ಐಕಮತ್ಯಕ್ಕೂ ಬೆಲೆ ಇಷ್ಟೇ.

ಈ ತತ್ತ್ವಕ್ಕೆ ವಿದ್ವಜ್ಜನರಿಗೆ ವಿದಿತವಾದ ಒಂದು ನಿದರ್ಶನವುಂಟು. ಹೀರಾಲಾಲ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾಟೀಕೆಯೊಡನೆ ಷಟ್ಖಂಡಾಗಮದ ಮೊದಲ ಸಂಪುಟವು ೧೯೩೯ರಲ್ಲಿ ಪ್ರಕಟವಾಯಿತು. ಆಗ ಸಂಪಾದಕರಿಗೆ ಮೂಡಬಿದಿರೆಯ ಓಲೆಗಳು ನೇರವಾಗಿ ದೊರೆತಿರಲಿಲ್ಲ. ಅವುಗಳಿಂದ ಪರಂಪರೆಯಾಗಿ ಇಳಿದು ಉತ್ತರದ ಭಂಡಾರಗಳನ್ನು ಸೇರಿದ ಕಾಗದದ ಪ್ರತಿಗಳೇ ಆಧಾರವಾಗಿದ್ದುವು. ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದವು ಆ ಪ್ರತಿಗಳಲ್ಲಿ ಇರಲಿಲ್ಲ. ಆದರೆ ಆ ಸೂತ್ರದ ಮೇಲೆ ವೀರಸೇನಾಚಾರ್ಯರು ನಡೆಸಿದ ಚರ್ಚೆಯು ಆ ಪದವಿಲ್ಲದೆ ಹೊಂದುವುದಿಲ್ಲ. ಆದಕಾರಣ ಸಂಪಾದಕರು ಮೂಲದಲ್ಲಿ ಕೈಹಾಕದೆ, ಇಲ್ಲಿ ಈ ಪದವು ಬಿಟ್ಟುಹೋಗಿರುವಂತೆ ತೋರುತ್ತದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಡಬಿದಿರೆಯ ಓಲೆಗಳನ್ನು ನೋಡಿದಾಗ ಆ ಪದವು ಅಲ್ಲಿ ಇರುವುದು ಕಂಡುಬಂದಿತು. ಆ ಪದದ ಸಿದ್ಧಾಂತಾರ್ಥವನ್ನು ಕುರಿತು ನಡೆದ ದೀರ್ಘ ವಾದವು ಪ್ರಕೃತಕ್ಕೆ ಅಪ್ರಸ್ತುತ. ಗಮನಿಸಬೇಕಾದುದು ಕ್ರಮವನ್ನು. ಪ್ರತಿಗಳ ಐಕಮತ್ಯವನ್ನು ನಂಬಿದ್ದರೆ ಸಂದೇಹವೇ ಹುಟ್ಟುತ್ತಿರಲಿಲ್ಲ. ಟೀಕೆಯ ಅರ್ಥವನ್ನು ಬಲ್ಲವರು ಸಂದೇಹಪಟ್ಟರು. ಸಂದೇಹವನ್ನು ಪರಿಹರಿಸಿದುದು ಓಲೆ.

ಟೀಕೆಯನ್ನು ಓದಿ ಇಂತಹ ಸಂದೇಹವನ್ನು ಎತ್ತುವ ಸಾಮರ್ಥ್ಯವು ಯಂತ್ರಕ್ಕೂ ಬರಬಹುದೆಂದು ವಾದಿಸುವವರುಂಟು. ಅದನ್ನು ಅಲ್ಲಗಳೆಯಬೇಕಾಗಿಲ್ಲ. ಊಹೆಯನ್ನು ಯಾರು ಮಾಡಿದರೂ ಅದು ಊಹೆಯೇ. ಅದು ಪಾಠವಾಗುವುದು ಸ್ವತಂತ್ರವಾದ ಸಾಕ್ಷಿ ದೊರೆತಾಗ. ಬೇರೆ ಬೇರೆ ಸಂಸ್ಥೆಗಳ ಮಾದರಿಗಳನ್ನು ಉಪಯೋಗಿಸಿದರೆ ಸಾಕ್ಷಿಗಳು ಸ್ವತಂತ್ರವಾಗುತ್ತವಲ್ಲವೆ ಎಂದರೆ, ಅದೂ ಪೂರ್ಣವಾಗಿ ಸರಿಯಲ್ಲ. ಅವೆಲ್ಲವೂ ಬಹುಮಟ್ಟಿಗೆ ಸಾರ್ವಜನಿಕವಾಗಿ ದೊರೆಯುವ ಬರಹಗಳಿಂದಲೇ ಅಭ್ಯಸ್ತವಾದುವು. ಪರಸ್ಪರ ಬೆರೆತ ಸಂಕರಪ್ರತಿಗಳಂತೆ ಅವುಗಳ ಸಂಬಂಧವು ಹಿಂದಿನ ಪೀಳಿಗೆಯಲ್ಲಿ ಕೂಡಿಕೊಳ್ಳುತ್ತದೆ. ಭಂಡಾರದಲ್ಲಿ ಕಟ್ಟು ಬಿಚ್ಚದೆ ಉಳಿದಿರುವ ಓಲೆಯಂತೂ ಅವುಗಳಲ್ಲಿ ಯಾವುದಕ್ಕೂ ಮಾತೃಕೆಯಾಗಿಲ್ಲ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ'ಯು ೧೯೪೮ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೆಸರಿಸಿದ ಗ್ರಂಥವು ಎಲ್ಲಿದೆಯೆಂಬುದನ್ನು ಪ್ರತಿನಿಧಿಯು ಕ್ಷಣಾರ್ಧದಲ್ಲಿ ಹೇಳಬಹುದು. ಅದರ ಹನ್ನೆರಡನೆಯ ಗರಿಯಲ್ಲಿ ಏನಿದೆಯೆಂಬುದನ್ನು ಗರಿಯನ್ನು ನೋಡಿದವರೇ ಹೇಳಬೇಕು.

ಮೂರನೆಯದಾಗಿ ಸ್ವಯಂಪ್ರವೃತ್ತಿಯನ್ನು ವಿಚಾರಿಸತಕ್ಕುದು. ಕೇಳುವುದಕ್ಕೆ ಮೊದಲೇ ನೆರವಾಗುವುದು ಪ್ರತಿನಿಧಿಯ ಗುಣವೆಂದು ಗಣಿತವಾಗಿದೆ. ಕಚೇರಿಯ ಕೆಲಸದಲ್ಲಿ ಇದು ಗುಣವೇ ಸರಿ. ವಿದ್ಯೆಯ ಅಭ್ಯಾಸದಲ್ಲಿ ಅನೇಕವೇಳೆ ದೋಷ. ಕನ್ನಡ ಲಿಪಿಯಲ್ಲಿರುವ ಪ್ರಾಕೃತದ ಓಲೆಗಳಲ್ಲಿ ದ್ವಿತ್ವವನ್ನು ತೋರಿಸಲು ವ್ಯಂಜನದ ಹಿಂದೆ ಸೊನ್ನೆಯನ್ನಿಡುವ ರೂಢಿಯುಂಟು. ಸೊನ್ನೆಯು ಅನುಸ್ವಾರವೋ ದ್ವಿತ್ವಚಿಹ್ನೆಯೋ ಎಂಬುದು ಆಕಾರದಿಂದ ತಿಳಿಯದು. ಶಬ್ದಜ್ಞಾನದಿಂದಲೂ ಛಂದಸ್ಸಿನಿಂದಲೂ ಪ್ರಕರಣದಿಂದಲೂ ತಿಳಿಯಬೇಕು. ಇದರ ಮೇಲೆ ಹ್ರಸ್ವದೀರ್ಘವಾದ ಎಕಾರ ಒಕಾರಗಳಲ್ಲಿ ಭೇದವಿಲ್ಲ, ಪದಗಳ ನಡುವೆ ತೆರಪಿಲ್ಲ. ಹೊಸದಾಗಿ ಕಲಿಯುವವನು 'ಸವ್ವ' ಎಂಬಲ್ಲಿ 'ಸಂವ' ಎಂದು ಓದಿ, ಅರ್ಥ ಹೊಂದದೆ ನಿಂತು, ಹಿಂದುಮುಂದಿನ ಸಾಲುಗಳನ್ನು ನೋಡಿ, ತಾನೇ ತಿದ್ದಿಕೊಂಡಾಗ ಆ ಚಿಹ್ನೆಯು ಅವನಿಗೆ ಕೈವಶವಾಗುತ್ತದೆ. ಅವನು ತಡವರಿಸುವುದಕ್ಕೆ ಮೊದಲೇ ಪ್ರತಿನಿಧಿಯು ಲಿಪ್ಯಂತರವನ್ನು ಮುಂದಿಟ್ಟರೆ ಆ ಸಾಲು ಅವನಿಗೆ ದೊರೆಯುತ್ತದೆ, ಓದುವ ಶಕ್ತಿ ದೊರೆಯುವುದಿಲ್ಲ. ಯಂತ್ರವು ಎಡವಿದಲ್ಲಿ ಅದು ಎಡವಿತೆಂದು ಕಾಣುವ ಕಣ್ಣೂ ಅವನಿಗೆ ಇರುವುದಿಲ್ಲ.

ಈ ಸಂದರ್ಭದಲ್ಲಿ ಧವಲಾಟೀಕೆಯಲ್ಲಿಯೇ ಬಂದಿರುವ ಧರಸೇನಾಚಾರ್ಯರ ವೃತ್ತಾಂತವು ಸ್ಮರಣೀಯವಾಗಿದೆ. ತಮ್ಮ ಶ್ರುತಜ್ಞಾನವನ್ನು ಒಪ್ಪಿಸುವುದಕ್ಕೆ ಬಂದ ಇಬ್ಬರು ಶಿಷ್ಯರ ಯೋಗ್ಯತೆಯನ್ನು ಅರಿಯಲು ಅವರು ಎರಡು ವಿದ್ಯೆಗಳನ್ನು ಕೊಟ್ಟರು. ಒಂದರ ಮಂತ್ರದಲ್ಲಿ ಅಕ್ಷರವು ಹೆಚ್ಚಾಗಿತ್ತು, ಮತ್ತೊಂದರಲ್ಲಿ ಕಡಿಮೆಯಾಗಿತ್ತು. ಸಾಧಿಸಿದಾಗ ಕಂಡ ದೇವತೆಗಳಲ್ಲಿ ಒಬ್ಬಳ ಹಲ್ಲು ಮುಂಚಾಚಿದ್ದಿತು, ಇನ್ನೊಬ್ಬಳು ಒಕ್ಕಣ್ಣಿನವಳಾಗಿದ್ದಳು. ದೇವತೆಗಳಿಗೆ ವಿಕಾರವು ಸ್ವಭಾವವಲ್ಲವೆಂದು ಅರಿತ ಶಿಷ್ಯರು ಮಂತ್ರಶಾಸ್ತ್ರದ ಕ್ರಮದಿಂದ ಅಕ್ಷರಗಳನ್ನು ತಾವೇ ಕಳೆದು ಕೂಡಿಸಿ ಮತ್ತೆ ಸಾಧಿಸಿದರು. ದೇವತೆಗಳು ಸ್ವರೂಪದಲ್ಲಿ ತೋರಿದರು. ಆ ಮೇಲೆಯೇ ಗುರುಗಳು ಪಾಠಕ್ಕೆ ತೊಡಗಿದರು. ಈ ವೃತ್ತಾಂತವನ್ನು ಶ್ರದ್ಧೆಯಿಂದ ಓದುವವರಿಗೂ ಕೇವಲ ಇತಿಹಾಸದೃಷ್ಟಿಯಿಂದ ಓದುವವರಿಗೂ ಮಾರ್ಗದರ್ಶನದ ಮರ್ಮವು ಒಂದೇ ಆಗಿ ಕಾಣುತ್ತದೆ. ಗುರುವು ಶುದ್ಧಪಾಠವನ್ನು ಬಲ್ಲವನಾಗಿದ್ದನು. ಬಲ್ಲವನಾಗಿದ್ದೂ ಹೇಳದೆ ಕಾದನು. ಹೇಳದೆ ಇರುವಂತೆ ಪ್ರತಿನಿಧಿಯನ್ನೂ ರಚಿಸಬಹುದು, ನಿಜ. ಆದರೆ ಎಲ್ಲಿ ಹೇಳಬೇಕು, ಎಲ್ಲಿ ಕಾಯಬೇಕು ಎಂಬುದು ಈ ಶಿಷ್ಯನನ್ನು, ಇವನು ಈಗ ನಿಂತಿರುವ ಹಂತವನ್ನು ಅರಿತು ನಿಶ್ಚಯಿಸತಕ್ಕುದು. ಅಂತಹ ನಿಶ್ಚಯವನ್ನು ಮಾಡಿ ಪ್ರತಿನಿಧಿಗೆ ಆಜ್ಞಾಪಿಸುವ ಮಾರ್ಗದರ್ಶಕನು ಇರಲೇಬೇಕಾಗುತ್ತದೆ.

ಕೊನೆಯದಾದ ಸ್ವಾಯತ್ತತೆಯ ವಿಚಾರದಲ್ಲಿ ಹೊಣೆಯ ಪ್ರಶ್ನೆ ಅಡಗಿದೆ. ೨೦೨೩ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ವಿಮಾನಸಂಸ್ಥೆಯೊಂದರ ವಿರುದ್ಧ ನಡೆದ ವ್ಯಾಜ್ಯದಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಪೂರ್ವತೀರ್ಪುಗಳನ್ನು ಉಲ್ಲೇಖಿಸಿದರು; ಅಂತಹ ತೀರ್ಪುಗಳೇ ಇರಲಿಲ್ಲ. ಅವು ನಿಜವೇ ಎಂದು ವಕೀಲರೊಬ್ಬರು ಅದೇ ಯಂತ್ರವನ್ನು ಕೇಳಿದ್ದರು; ನಿಜವೆಂದೇ ಉತ್ತರ ಬಂದಿತ್ತು. ಸಾಕ್ಷಿಯ ಸತ್ಯವನ್ನು ಆ ಸಾಕ್ಷಿಯಿಂದಲೇ ಪರೀಕ್ಷಿಸಿದುದರ ಫಲವಿದು. ನ್ಯಾಯಾಲಯವು ೫,೦೦೦ ಡಾಲರುಗಳ ದಂಡವನ್ನು ವಿಧಿಸಿದುದು ವಕೀಲರಿಗೂ ಅವರ ಸಂಸ್ಥೆಗೂ ಹೊರತು ಯಂತ್ರಕ್ಕಲ್ಲ. ಪ್ರಬಂಧದಲ್ಲಿಯೂ ಹೀಗೆಯೇ. ಇಲ್ಲದ ಓಲೆಯ ಸಂಖ್ಯೆಯೊಂದು ಅಡಿಟಿಪ್ಪಣಿಯಲ್ಲಿ ನುಸುಳಿದರೆ ಹೊಣೆಯು ವಿದ್ಯಾರ್ಥಿಯದೂ ಸಹಿ ಮಾಡಿದ ಮಾರ್ಗದರ್ಶಕನದೂ ಆಗಿರುತ್ತದೆ. ಹಿಂದಿನ ಲಿಪಿಕಾರರು ಗ್ರಂಥಾಂತ್ಯದಲ್ಲಿ ತಮ್ಮ ಹೆಸರನ್ನೂ ಕಾಲವನ್ನೂ ಬರೆದು, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬಿನ್ನವಿಸುತ್ತಿದ್ದುದುಂಟು. ಅದು ವಿನಯದ ವಾಕ್ಯವೆಂಬುದು ಸರಿ, ಹೊಣೆಯ ವಾಕ್ಯವೂ ಹೌದು. ತಪ್ಪು ಯಾರ ಕೈಯದೆಂದು ಅದರಿಂದ ತಿಳಿಯುತ್ತದೆ. ಪ್ರತಿನಿಧಿಯು ಇಡುವ ದಾಖಲೆಯಲ್ಲಿ ಕಾಲವಿರುತ್ತದೆ, ಕ್ರಮಸಂಖ್ಯೆಯಿರುತ್ತದೆ. ತಪ್ಪನ್ನು ತನ್ನದೆಂದು ಹೊತ್ತುಕೊಳ್ಳುವವರು ಇರುವುದಿಲ್ಲ.

ಇಷ್ಟರಿಂದ ದೋಷವೆಲ್ಲ ಯಂತ್ರದ್ದೆಂದು ಭಾವಿಸಬಾರದು. ಓದದೆ ಸಹಿ ಮಾಡುವ ಮಾರ್ಗದರ್ಶಕರು ಪ್ರತಿನಿಧಿಗಳು ಹುಟ್ಟುವುದಕ್ಕೆ ಮೊದಲೂ ಇದ್ದರು. ವ್ಯತ್ಯಾಸವಿಷ್ಟೆ: ಹಿಂದೆ ಅಂತಹ ಉಪೇಕ್ಷೆಯು ಬರಿದಾದ ಅಂಚುಗಳಲ್ಲಿ ಕಾಣುತ್ತಿತ್ತು. ಅಧ್ಯಾಯವನ್ನು ಹಿಂದಿರುಗಿ ಪಡೆದ ವಿದ್ಯಾರ್ಥಿಗೆ ತನ್ನ ಬರಹವನ್ನು ಯಾರೂ ಓದಿಲ್ಲವೆಂಬುದು ತಿಳಿಯುತ್ತಿತ್ತು. ಆತನು ಬೇರೊಬ್ಬ ಪಂಡಿತರನ್ನು ಅರಸಿ ಹೋಗುತ್ತಿದ್ದನು. ಈಗ ಅಂಚುಗಳು ಟಿಪ್ಪಣಿಗಳಿಂದ ತುಂಬಿರುತ್ತವೆ, ವರದಿಗಳು ಕಾಲಕ್ಕೆ ಸರಿಯಾಗಿ ಸಮಿತಿಗೆ ಹೋಗುತ್ತವೆ, ಪಟ್ಟಿಯಲ್ಲಿ ಪ್ರತಿಯೊಂದು ಅಂಶವೂ ನೆರವೇರಿರುತ್ತದೆ. ಮೂರು ವರ್ಷಗಳಲ್ಲಿ ಯಾವ ಮನುಷ್ಯನೂ ಆ ಓಲೆಯನ್ನು ಆ ವಿದ್ಯಾರ್ಥಿಯೊಡನೆ ಕುಳಿತು ಓದಿಲ್ಲವೆಂಬ ಸಂಗತಿಯು ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಮೇಲ್ವಿಚಾರಣೆಯ ದಾಖಲೆಯು ಮೇಲ್ವಿಚಾರಣೆಯ ಸ್ಥಾನವನ್ನು ಆಕ್ರಮಿಸುವುದೇ ಈ ವ್ಯವಸ್ಥೆಯ ನಿಜವಾದ ಅಪಾಯ. ಹಳಗನ್ನಡ ಲಿಪಿಯ ಓಲೆಗಳನ್ನು ನಿರಾಯಾಸವಾಗಿ ಓದುವವರು ಈಗಾಗಲೇ ಕೆಲವರೇ. ಅವರ ಬಳಿ ಕುಳಿತು ಕಲಿಯಬೇಕಾದ ಒಂದು ಪೀಳಿಗೆಯು ಯಂತ್ರದ ಲಿಪ್ಯಂತರವನ್ನೇ ಓದಿ ಪದವಿ ಪಡೆದರೆ, ಆ ಲಿಪ್ಯಂತರದ ಶುದ್ಧಾಶುದ್ಧವನ್ನು ಹೇಳುವವರು ಮುಂದೆ ಇರುವುದಿಲ್ಲ. ಕಳೆದ ಓಲೆಯನ್ನು ಅದರ ಛಾಯಾಪ್ರತಿಯಿಂದ ಸ್ವಲ್ಪಮಟ್ಟಿಗಾದರೂ ಪಡೆಯಬಹುದು. ಓದುವ ಪರಂಪರೆ ಕಡಿದರೆ ಅದನ್ನು ಮತ್ತೆ ಕಟ್ಟುವುದು ದುಷ್ಕರ.

ಆದುದರಿಂದ ಪ್ರತಿನಿಧಿಗಳನ್ನು ಅಂಗೀಕರಿಸುವ ಸಂಶೋಧನ ಸಂಸ್ಥೆಗಳು ಕೆಲವು ಕಟ್ಟಳೆಗಳನ್ನು ಮೊದಲೇ ಮಾಡಿಕೊಳ್ಳುವುದು ಉಚಿತ. ದಿನಾಂಕ, ಸಭೆ, ಪಟ್ಟಿಗಳ ಕಾರ್ಯವನ್ನು ಪ್ರತಿನಿಧಿಗೆ ಸಂಪೂರ್ಣವಾಗಿ ಬಿಡಬಹುದು. ಓಲೆಯ ಪ್ರಥಮ ವಾಚನವನ್ನು ವಿದ್ಯಾರ್ಥಿಯೇ ಮಾಡಿ ತನ್ನ ಪ್ರತಿಯನ್ನು ಒಪ್ಪಿಸುವವರೆಗೆ ಯಂತ್ರದ ಲಿಪ್ಯಂತರವನ್ನು ತೆರೆಯಕೂಡದು. ಆ ಬಳಿಕ ಎರಡನ್ನೂ ಹೋಲಿಸಿದರೆ ಭೇದವಿರುವ ಸ್ಥಳಗಳೇ ಉತ್ತಮವಾದ ಪಾಠಗಳಾಗುತ್ತವೆ. ಪ್ರತಿನಿಧಿಯು ಹೇಳುವ ಪ್ರತಿಯೊಂದು ಪಾಠಾಂತರಕ್ಕೂ ಭಂಡಾರ, ಗರಿ, ಸಾಲುಗಳ ಸಂಖ್ಯೆಯಿರಬೇಕು. ಅದನ್ನು ವಿದ್ಯಾರ್ಥಿಯು ಕಣ್ಣಾರೆ ಕಂಡು ಗುರುತು ಹಾಕಬೇಕು. ಅನೇಕ ಪ್ರತಿನಿಧಿಗಳ ಒಪ್ಪಿಗೆಯನ್ನು ಒಂದೇ ಸಾಕ್ಷಿಯೆಂದು ಎಣಿಸಬೇಕು. ಪ್ರತಿಯೊಂದು ಅಧ್ಯಾಯಕ್ಕೂ ಆಧಾರವಾದ ಗರಿಗಳಲ್ಲಿ ಒಂದನ್ನಾದರೂ ಮಾರ್ಗದರ್ಶಕನು ವಿದ್ಯಾರ್ಥಿಯೊಡನೆ ಕುಳಿತು ಓದಬೇಕು. ಪ್ರಬಂಧದ ಕೊನೆಯಲ್ಲಿ, ಹಿಂದಿನ ಪುಷ್ಪಿಕೆಗಳ ರೀತಿಯಲ್ಲಿ, ಯಾವ ಭಾಗದಲ್ಲಿ ಪ್ರತಿನಿಧಿಯ ನೆರವು ಪಡೆಯಲಾಯಿತು, ಯಾವ ಗರಿಗಳನ್ನು ಯಾರು ಎಂದು ಓದಿದರು ಎಂಬುದನ್ನು ಇಬ್ಬರೂ ಬರೆದು ಸಹಿ ಮಾಡಬೇಕು.

ಇವುಗಳಿಂದ ಮಾರ್ಗದರ್ಶಕನ ಹೊರೆಯು ಪೂರ್ಣವಾಗಿ ಇಳಿಯುವುದಿಲ್ಲವೆಂಬುದು ಸತ್ಯ. ಇಳಿಯಬೇಕಾದುದು ಲೆಕ್ಕಪತ್ರಗಳ ಹೊರೆ. ಅದು ಇಳಿದು ದೊರೆತ ಸಮಯವು ಓಲೆಯ ಮುಂದೆ ವಿದ್ಯಾರ್ಥಿಯೊಡನೆ ಕುಳಿತುಕೊಳ್ಳುವುದಕ್ಕೆ ಸಂದರೆ ತಂತ್ರಾಂಶ-ಪ್ರತಿನಿಧಿಗಳು ಹಸ್ತಪ್ರತಿಶಾಸ್ತ್ರಕ್ಕೆ ಉಪಕಾರಕಗಳಾಗುತ್ತವೆ. ಮತ್ತೂ ಎಂಟು ಮಂದಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದಕ್ಕೆ ಸಂದರೆ ಅಪಕಾರಕಗಳಾಗುತ್ತವೆ. ಎರಡರಲ್ಲಿ ಯಾವುದಾಗಬೇಕೆಂಬುದನ್ನು ನಿರ್ಣಯಿಸತಕ್ಕವರು ವಿದ್ವಾಂಸರೂ ವಿದ್ಯಾಸಂಸ್ಥೆಗಳೂ ಆಗಿದ್ದಾರೆ. ಓಲೆಯನ್ನು ಓದಬಲ್ಲವರು ಇನ್ನೂ ಇರುವಾಗಲೇ ಈ ವಿಷಯವನ್ನು ವಿಚಾರಮಾಡಿ ಕಟ್ಟಳೆಗಳನ್ನು ರೂಪಿಸುವುದು ಶ್ರೇಯಸ್ಕರವಾಗಿದೆ.